ಶಶಿಕಲಾ ಎಂಬ ಸಹಿ

‘ತಲುಪಿದೆ’ ಎಂದು ಕಂಪ್ಯೂಟರ್ ಹೇಳುತ್ತದೆ. ‘ಬಂದೇ ಇಲ್ಲ’ ಎಂದು ಗಿರಾಕಿ ಹೇಳುತ್ತಾನೆ. ಇವರಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಹನ್ನೊಂದು ವರ್ಷ ಕುಳಿತವನು ನಾನು. ಉಡುಪಿಯ ಒಂದು ಕೊರಿಯರ್ ಕಚೇರಿಯ ದೂರು ವಿಭಾಗ ಎಂದರೆ ನಾನೊಬ್ಬನೇ. ವಿಭಾಗ ಎನ್ನುವುದು ಬೋರ್ಡಿಗೆ ಮಾತ್ರ. ಈಗ ಈ ಕೆಲಸಕ್ಕೆ ಸೇರುವವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಪರದೆ ನೋಡಿ ಉತ್ತರ ಓದುತ್ತಾರೆ. ಓದಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಉತ್ತರದ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಯಾವುದೋ ಮನೆಯ ಬಾಗಿಲ ಮುಂದೆ ಬೆವರು ಒರೆಸಿಕೊಂಡು ನಿಂತಿರುತ್ತಾನೆ ಎಂಬುದು ಅವರಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೇರಿದಾಗ ಬರುತ್ತಿದ್ದದ್ದು ಅಂಕಪಟ್ಟಿ, ಪಾಸ್‌ಪೋರ್ಟ್, ಮಣಿಪಾಲದ ಆಸ್ಪತ್ರೆಗೆ ಹೋಗುವ ವೈದ್ಯಕೀಯ ವರದಿ, ಇಂಥವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಂಟರ್‌ನೆಟ್ಟಿನಲ್ಲಿ ಕೊಂಡ ಸಾಮಾನು ಬರಲು ಶುರುವಾಯಿತು. ಗಲ್ಫಿನಲ್ಲಿರುವವರು ಅಲ್ಲಿಂದಲೇ ಬಟನ್ ಒತ್ತಿ ಇಲ್ಲಿರುವ ಹೆಂಡತಿಗೆ ವಾಚು, ಅತ್ತೆಗೆ ಕುಕ್ಕರ್ ಕಳಿಸುತ್ತಿದ್ದರು. ಮನೆಯವರಿಗೆ ಯಾವುದೂ ಮೊದಲೇ ಗೊತ್ತಿರುತ್ತಿರಲಿಲ್ಲ. ಅಚ್ಚರಿಪಡಿಸುವ ಉಮೇದು. ನನ್ನ ತಲೆನೋವಿನ ಅರ್ಧ ಭಾಗ ಈ ಅಚ್ಚರಿಗಳಿಂದ ಬಂದದ್ದು.

ಪದ್ಧತಿ ಸರಳವಾಗಿತ್ತು. ಬಟವಾಡೆ ಮಾಡುವವನ ಕೈಯಲ್ಲಿ ರನ್‌ಶೀಟ್ ಎಂಬ ಉದ್ದನೆಯ ಹಾಳೆ. ಪಾರ್ಸೆಲ್ ಕೊಟ್ಟು, ಹೆಸರಿನ ಎದುರು ಸಹಿ ಹಾಕಿಸಿಕೊಂಡು ಸಂಜೆ ಹಾಳೆ ಹಿಂದಿರುಗಿಸಬೇಕು. ಸಹಿ ಇದ್ದರೆ ಕಂಪ್ಯೂಟರಿನಲ್ಲಿ ‘ತಲುಪಿದೆ’. ದೂರು ಬಂದರೆ ನಾನು ಆ ಹಾಳೆ ಹುಡುಕಿ, ಸಹಿ ನೋಡಿ, ಬಸ್ಸು ಹತ್ತಿ ಹೋಗಿ ವಿಚಾರಿಸಬೇಕು. ಮಣಿಪಾಲದ ಒಂದು ಹಾಸ್ಟೆಲಿನಿಂದ ವರ್ಷವಿಡೀ ದೂರುಗಳು. ಎಲ್ಲದಕ್ಕೂ ಒಂದೇ ಸಹಿ, ಎರೆಹುಳ ಹೊರಳಿದಂತೆ. ಹೋಗಿ ನೋಡಿದರೆ ಅಲ್ಲಿನ ಕಾವಲುಗಾರ ರಜೆಗೆ ಹೋದವರ ಪಾರ್ಸೆಲ್ಲುಗಳನ್ನೆಲ್ಲ ತಾನೇ ಸಹಿ ಹಾಕಿ ಪಡೆದು, ತನ್ನ ಟ್ರಂಕಿನಲ್ಲಿ ಜೋಪಾನವಾಗಿ ಬೀಗ ಹಾಕಿಟ್ಟಿದ್ದ. “ಯಾರೂ ಕೇಳಲಿಲ್ಲ, ನಾನು ಕೊಡಲಿಲ್ಲ,” ಎಂದ. ಅವನಿಗೆ ಬೈಯಲು ಹೋದವನು ನಗುತ್ತ ವಾಪಸಾದೆ.

ಎಲ್ಲ ದೂರೂ ನಗುವಿನಲ್ಲಿ ಮುಗಿಯಲಿಲ್ಲ. ಕಾರ್ಕಳದಲ್ಲಿ ವಿಠಲ ಎಂಬ ನಂಬಿಗಸ್ತ ಬಟವಾಡೆಯವನಿದ್ದ. ಒಂದು ಕ್ಯಾಮೆರಾ ಬರಲಿಲ್ಲವೆಂದು ದೂರು ಬಂತು. ಹಾಳೆಯಲ್ಲಿದ್ದ ಸಹಿ ಆ ಮನೆಯ ಯಾರದೂ ಅಲ್ಲ. ನಾನು ಬಲು ಬುದ್ಧಿವಂತನಂತೆ ‘ಸಹಿ ನಕಲಿ’ ಎಂದು ಬರೆದೆ. ವಿಠಲನನ್ನು ತೆಗೆದುಹಾಕಿದರು. ನಾಲ್ಕು ತಿಂಗಳ ನಂತರ ಪಕ್ಕದ ಮನೆಯ ಹೆಂಗಸು ಮುಂಬಯಿಯಿಂದ ವಾಪಸ್ ಬಂದು ಕಪಾಟು ತೆರೆದರೆ ಕ್ಯಾಮೆರಾ ಅಲ್ಲಿತ್ತು. ಅವರೇ ಸಹಿ ಹಾಕಿ ತೆಗೆದಿಟ್ಟು, ಹೇಳಲು ಮರೆತು ಮಗಳ ಬಾಣಂತನಕ್ಕೆ ಹೋಗಿದ್ದರು. ನಾನು ವಿಠಲನ ಮನೆಗೆ ಓಡಿದೆ. ಅವನು ಊರು ಬಿಟ್ಟಿದ್ದ. ಅವನ ತಾಯಿ ನನಗೆ ನೀರು ಬೆಲ್ಲ ತಂದುಕೊಟ್ಟು ಒಳಗೆ ಹೋದರು. ನಾನು ಆ ಬೆಲ್ಲವನ್ನು ಮುಟ್ಟದೆ ಎದ್ದು ಬಂದೆ.

ವಿಠಲನ ಜಾಗಕ್ಕೆ ಬಂದವನು ಬಸವರಾಜ. ಗಜೇಂದ್ರಗಡದ ಕಡೆಯವನು, ಮೂವತ್ತೈದರ ಆಸುಪಾಸು. ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊತ್ತು ಬೆನ್ನು ನೋವು ಬರಿಸಿಕೊಂಡು ನಮ್ಮಲ್ಲಿ ಸೇರಿದ್ದ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಕಾರ್ಕಳದಲ್ಲಿ ಒಂದು ಬಾಡಿಗೆ ಕೋಣೆ. ತುಳುವಿನ ಗಂಧಗಾಳಿ ಇಲ್ಲ. ಬಸ್ಸಿನಲ್ಲಿ ಬೆಳ್ಮಣ್‌ಗೆ ಹೋಗಿ, ಗದ್ದೆಯ ಬದುಗಳಲ್ಲಿ ನಡೆದು, ಕೇಳಿ ಕೇಳಿ ಮನೆ ಹುಡುಕಿ ಪಾರ್ಸೆಲ್ ಕೊಟ್ಟು ಬರುತ್ತಿದ್ದ. ಕೆಲಸದಲ್ಲಿ ಒಂದು ಕಪ್ಪುಚುಕ್ಕೆಯೂ ಇರಲಿಲ್ಲ.

ಅವನ ಮೇಲೆ ಬಂದ ಮೊದಲ ದೂರು ಮಸ್ಕತ್‌ನಿಂದ. ದಯಾನಂದ ಎಂಬವರು ಬೆಳ್ಮಣ್‌ನ ತಮ್ಮ ಮನೆಗೆ ಒಂದು ರೇಷ್ಮೆ ಸೀರೆ, ಬಳೆಗಳ ಪೆಟ್ಟಿಗೆ ಕಳಿಸಿದ್ದರು. ಪಡೆಯಬೇಕಾದವರ ಹೆಸರು ಶಶಿಕಲಾ. ಕಂಪ್ಯೂಟರಿನಲ್ಲಿ ‘ತಲುಪಿದೆ’. ಮನೆಯವರು ಬಂದಿಲ್ಲ ಎನ್ನುತ್ತಾರೆ. ನಾನು ರನ್‌ಶೀಟ್ ತೆಗೆದೆ. ಗುರುವಾರದ ಹಾಳೆ, ನೀಲಿ ಶಾಯಿ, ‘ಶಶಿಕಲಾ’ ಎಂದು ದುಂಡಗಿನ ಕನ್ನಡದಲ್ಲಿ ಸ್ಪಷ್ಟವಾದ ಸಹಿ. ಇಂಥ ಚಂದದ ಸಹಿ ನಮಗೆ ಸಿಗುವುದೇ ಅಪರೂಪ. ಐದು ನಿಮಿಷದ ಕೆಲಸ ಎಂದುಕೊಂಡು ಆ ಮನೆಗೆ ಫೋನ್ ಮಾಡಿದೆ.

ಒಬ್ಬ ಹೆಂಗಸು ಎತ್ತಿದರು.

“ಶಶಿಕಲಾ ಅವರು ಇದ್ದಾರಾ?”

ಅವರು ನಿಧಾನವಾಗಿ, “ನೀವು ಎಲ್ಲಿಂದ ಮಾತಾಡುವುದು?” ಎಂದರು.

ನಾನು ಕಚೇರಿಯ ಹೆಸರು ಹೇಳಿ, “ಅವರ ಹತ್ತಿರ ಒಂದು ವಿಷಯ ಕೇಳಲಿಕ್ಕುಂಟು,” ಎಂದೆ.

“ಅವಳ ಹತ್ತಿರ ನೀವು ಎಂತ ಕೇಳುವುದು? ಅವಳು ನನ್ನ ದೊಡ್ಡ ಮಗಳು. ನಾಲ್ಕು ವರ್ಷ ಇರುವಾಗ ಜ್ವರ ಬಂದು ಹೋದವಳು. ಈಗ ಇಪ್ಪತ್ತಮೂರು ವರ್ಷ ಆಯಿತು.”

ನನ್ನ ಇನ್ನೊಂದು ಕೈ ಆ ಸಹಿಯ ಮೇಲೆಯೇ ಇತ್ತು. ನಿಜ ಹೇಳುತ್ತೇನೆ, ನಾನು ಕೈ ತೆಗೆದೆ.

ನಮ್ಮ ಕಡೆಯವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಚಿಕ್ಕಂದಿನಲ್ಲಿ ತೀರಿಕೊಂಡ ಮಕ್ಕಳು ಆ ಲೋಕದಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ ಎಂದು ತುಳುವರ ನಂಬಿಕೆ. ಮದುವೆಯ ವಯಸ್ಸಾದಾಗ ಅವರಿಗೂ ಮದುವೆ ಆಗಬೇಕು. ಇಲ್ಲವಾದರೆ ಮನೆಯಲ್ಲಿ ಬದುಕಿರುವವರ ಮದುವೆ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ತೀರಿಹೋದ ಹುಡುಗಿಗೆ ತೀರಿಹೋದ ಹುಡುಗನನ್ನೇ ಹುಡುಕಿ, ಜಾತಿ, ಬಳಿ ಎಂಬ ಗೋತ್ರ ನೋಡಿ, ಆಟಿ ಎಂದರೆ ಆಷಾಢ ತಿಂಗಳಲ್ಲಿ ಶಾಸ್ತ್ರವಾಗಿ ಮದುವೆ ಮಾಡುತ್ತಾರೆ. ಶಶಿಕಲಾಳಿಗೆ ಕಾಪುವಿನ ಒಂದು ಮನೆಯ ಹುಡುಗ ನಿಶ್ಚಯವಾಗಿದ್ದ. ತಂಗಿಯ ಮದುವೆಗೆಂದು ಅಣ್ಣ ದಯಾನಂದ ಸೀರೆ ಕಳಿಸಿದ್ದರು. ಇಂಟರ್‌ನೆಟ್ಟಿನಲ್ಲಿ ‘ಪಡೆಯುವವರ ಹೆಸರು’ ಎಂದು ಕೇಳಿದ ಜಾಗದಲ್ಲಿ, ಉಡುಗೊರೆ ಅವಳದೇ ಆದ್ದರಿಂದ, ಅವಳ ಹೆಸರನ್ನೇ ಬರೆದಿದ್ದರು. ನಮ್ಮೂರಿನ ಅಣ್ಣನೊಬ್ಬ ಮಾತ್ರ ಮಾಡಬಹುದಾದ ತಪ್ಪು ಅದು.

ಬಸವರಾಜನನ್ನು ಉಡುಪಿಗೆ ಕರೆಸಿದೆ. ಶಶಿಕಲಾ ಬದುಕಿಲ್ಲ ಎಂಬುದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಬೆಳ್ಮಣ್ ಕಡೆಗೆ ನಮ್ಮ ಯಾವ ಹುಡುಗನೂ ಮುಂದೆ ಹೋಗುವುದಿಲ್ಲ. ಅಲ್ಲದೆ ಅವನ ಮಾತು ಕಲಬೆರಕೆಯಾಗದೆ ನನಗೆ ಬೇಕಿತ್ತು.

“ಸಹಿ ಯಾರು ಹಾಕಿದ್ದು?” ಎಂದು ಕೇಳಿದೆ.

“ಹುಡುಗಿ ಸರ. ಮಧ್ಯಾಹ್ನ ಹನ್ನೆರಡರ ಸುಮಾರ ಇತ್ರಿ. ಮುಂದಿನ ಬಾಗ್ಲಾ ಹಾಕಿತ್ತು. ಬಾಗ್ಲಾ ಬಡದ್ರ ಯಾರೂ ಓ ಅನ್ಲಿಲ್ಲ. ಬಾಜೂಕ ಕಿಡಕಿ ತೆರದಿತ್ತು, ಅಲ್ಲಿಂದ ಒದರಿದೆ. ಒಳಗಿಂದ ಒಬ್ಬಾಕಿ ಬಂದು ಹಾಳಿ ಇಸಗೊಂಡು ಸಹಿ ಮಾಡಿ ಕೊಟ್ಲು. ಬಾಯಿ ಮ್ಯಾಲ ಬೆರಳ ಇಟ್ಟು ಸುಮ್ನಿರು ಅಂದ್ಲು.”

“ಸರಿಯಾಗಿ ನೋಡಿದೆಯಾ? ಸಹಿ ಹಾಕಿದ್ದು ಮನೆಯವಳೇ?”

“ಮನಿಯೊಳಗಿಂದ ಬಂದಾಕಿ ಮನಿಯಾಕಿನ ಅಲ್ಲೇನ್ರಿ? ಸರ, ನನ್ನ ಮಕ್ಕಳ ಆಣಿ. ನಾ ಕಳ್ಳ ಅಲ್ರಿ.”

ನನಗೆ ವಿಠಲನ ತಾಯಿಯ ಮುಖ ನೆನಪಾಯಿತು. ಮಂಗಳೂರಿನಲ್ಲಿದ್ದ ನಮ್ಮ ಮೇಲಧಿಕಾರಿಗೆ ನಾವು ರಾಯರು ಎನ್ನುತ್ತಿದ್ದೆವು. ಅವರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: “ಸತ್ತವರ ಹೆಸರಿನಲ್ಲಿ ಸಹಿ ಉಂಟು ಅಂದರೆ ಇನ್ನೆಂತ ಪುರಾವೆ ಬೇಕು ನಿಮಗೆ? ಅವನೇ ಬರೆದದ್ದು. ಶನಿವಾರದ ಒಳಗೆ ಪಾರ್ಸೆಲ್ ಸಿಗದಿದ್ದರೆ ಅವನನ್ನು ತೆಗೆದು ಪೊಲೀಸಿಗೆ ಬರೆದುಕೊಡಿ.” ಅಂದು ಬುಧವಾರ. ನನಗೆ ಮೂರು ದಿನ ಇತ್ತು. ಪರವೂರಿನಿಂದ ಬಂದವನ ಮೇಲೆ ಒಮ್ಮೆ ಕಳ್ಳನೆಂಬ ಹೆಸರು ಬಿದ್ದರೆ ಕಾರ್ಕಳದಲ್ಲಿ ಅವನಿಗೆ ಕೋಣೆಯೂ ಉಳಿಯುವುದಿಲ್ಲ, ಕೆಲಸವೂ ಸಿಗುವುದಿಲ್ಲ.

ಮರುದಿನ ಬಸವರಾಜನನ್ನೇ ಕರೆದುಕೊಂಡು ಬೆಳ್ಮಣ್‌ಗೆ ಹೋದೆ. ಅವನು ದಾರಿ ತಪ್ಪದೆ ಅದೇ ಮನೆಗೆ ಕರೆದೊಯ್ದ. ಆ ಕಿಟಕಿಯನ್ನೂ ದೂರದಿಂದಲೇ ತೋರಿಸಿದ. ಅವನನ್ನು ರಸ್ತೆಯ ಬಳಿಯ ಅಂಗಡಿಯಲ್ಲಿ ಕೂರಿಸಿ ನಾನೊಬ್ಬನೇ ಅಂಗಳಕ್ಕೆ ಇಳಿದೆ.

“ಬಲೆ, ಕುಲ್ಲುಲೆ,” ಎಂದು ಕರೆದು ಕೂರಿಸಿದವರು ಫೋನಿನಲ್ಲಿ ಮಾತನಾಡಿದ ತಾಯಿ, ಗಿರಿಜಕ್ಕ. ನಾವು ತುಳುವಿನಲ್ಲಿಯೇ ಮಾತನಾಡಿದೆವು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಹಿಂದಿನ ಗುರುವಾರ ಮಧ್ಯಾಹ್ನದ ವಿಷಯ ಎತ್ತಿದೆ. ಅವರು ಬೆಚ್ಚಿದರು.

“ಹೋದ ಗುರುವಾರವಾ? ಅವತ್ತು ಅವಳಿಗೆ ಬಡಿಸಿದ ದಿನ ಅಲ್ವಾ! ಮದುವೆ ನಿಶ್ಚಯ ಆದದ್ದು ಅವಳಿಗೆ ಗೊತ್ತಾಗಬೇಕಲ್ಲ? ಒಳಗೆ ಎಲೆ ಹಾಕಿ, ಮಣೆ ಇಟ್ಟು, ಎಲ್ಲ ಬಡಿಸಿ, ‘ಬಾ ಮಗಳೇ, ಊಟ ಮಾಡು’ ಎಂದು ಹೇಳಿ ಬಾಗಿಲು ಹಾಕಿ ನಾವು ಹಿಂದಿನ ಕೊಟ್ಟಿಗೆಯ ಹತ್ತಿರ ನಿಂತಿದ್ದೆವು. ಆ ಹೊತ್ತಿಗೆ ಮಾತಾಡಲಿಕ್ಕಿಲ್ಲ, ಕೆಮ್ಮಲಿಕ್ಕೂ ಇಲ್ಲ. ಮುಂದಿನ ಬಾಗಿಲು ಯಾರೋ ಬಡಿದದ್ದು ನಮಗೆ ಕೇಳಿಸಿತ್ತು. ಹೋಗಲಿಕ್ಕೆ ಆಗುವುದಿಲ್ಲವಲ್ಲ.”

“ಒಳಗೆ ಯಾರೂ ಇರಲಿಲ್ಲವಾ?”

“ಒಳಗೆ ಯಾರು ಇರುವುದು? ಅವಳು ಊಟ ಮಾಡುವಾಗ ಯಾರೂ ಇರಬಾರದು.”

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಚೀಲದಿಂದ ರನ್‌ಶೀಟ್ ತೆಗೆದು ಸಹಿ ತೋರಿಸಿದೆ. ಗಿರಿಜಕ್ಕನಿಗೆ ಓದಲು ಬಾರದು. “ಎಂತ ಬರೆದದ್ದುಂಟು?” ಎಂದು ಕೇಳಿದರು. ಹೆಸರು ಓದಿ ಹೇಳಿದೆ. ಅವರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಕಣ್ಣೀರು ಹಾಳೆಗೆ ಬೀಳದಂತೆ ಸೆರಗಿನಿಂದ ಒತ್ತಿಕೊಂಡರು.

“ಇಷ್ಟು ಚಂದ ಬರೆಯುತ್ತಾಳಾ ಅವಳು? ಅವಳನ್ನು ಶಾಲೆಗೆ ಹಾಕಿಯೇ ಇರಲಿಲ್ಲ. ಅಲ್ಲಿ ಯಾರು ಕಲಿಸಿದರು ಅವಳಿಗೆ?”

ಹೊರಗೆ ಹಾಡುಹಗಲು, ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುತ್ತಿದೆ, ಆದರೂ ನನಗೆ ಹಿಂದಿರುಗಿ ಆ ಮುಚ್ಚಿದ ಕೋಣೆಯ ಕಡೆ ನೋಡಲು ಧೈರ್ಯವಾಗಲಿಲ್ಲ. ಗಿರಿಜಕ್ಕ ಕಣ್ಣು ಒರೆಸಿಕೊಂಡು, “ದೂರು ಬೇಡ. ಅವಳ ಸೀರೆ ಅವಳು ತೆಗೆದುಕೊಂಡು ಹೋಗಿದ್ದಾಳೆ. ಹಾಗೆಂದು ಬರೆದುಕೊಳ್ಳಿ,” ಎಂದರು. ನಾನು ಬರೆದುಕೊಳ್ಳಬಹುದಿತ್ತು. ಆದರೆ ಅದನ್ನು ಓದಿ ರಾಯರು ಮೊದಲು ನನ್ನನ್ನು ತೆಗೆದುಹಾಕಿ, ಆಮೇಲೆ ಬಸವರಾಜನನ್ನು ತೆಗೆಯುತ್ತಿದ್ದರು.

ಕಾಫಿ ತಂದವಳು ಕಿರಿಯ ಮಗಳು ಸುಮತಿ. ಇಪ್ಪತ್ತೆರಡರ ಹುಡುಗಿ, ಅಕ್ಕ ಹೋದ ಮರುವರ್ಷ ಹುಟ್ಟಿದವಳು. ಅಕ್ಕನ ಮದುವೆ ಆದ ಕೂಡಲೇ ಇವಳದು ಎಂದು ಮಾತಾಗಿತ್ತು. ಲೋಟ ಇಡುವಾಗ ತಾಯಿಯ ಕೈಯಲ್ಲಿದ್ದ ಹಾಳೆ ಕಂಡು ಅವಳು ಥಟ್ಟನೆ ಮುಖ ತಿರುಗಿಸಿದಳು. ನನಗೆ ಏನೋ ಹೊಳೆಯಿತು. “ತಾಯಿಯ ಪರವಾಗಿ ನೀವೊಂದು ಹೇಳಿಕೆ ಬರೆದುಕೊಡಿ. ಶಶಿಕಲಾ ಹೆಸರಿನ ಪಾರ್ಸೆಲ್ ಬಂದಿಲ್ಲ, ಅಷ್ಟೇ ಸಾಕು,” ಎಂದೆ. ತಪ್ಪಿಸಿಕೊಳ್ಳಲು ನೋಡಿದಳು. ತಾಯಿ ಒತ್ತಾಯಿಸಿದ ಮೇಲೆ ಕುಳಿತು ಬರೆದಳು. ವರ್ಷಗಟ್ಟಲೆ ಸಹಿಗಳನ್ನೇ ನೋಡಿದ ಕಣ್ಣು ನನ್ನದು. ‘ಶ’ದ ಹೊಟ್ಟೆ ಹಾಗೆಯೇ ಉಬ್ಬಿತ್ತು, ‘ಲಾ’ದ ಬಾಲ ಹಾಗೆಯೇ ಮೇಲಕ್ಕೆ ಹೋಗಿತ್ತು. ನಾನು ಕಾಗದ ಮಡಚಿ ಎದ್ದೆ.

ದಾರಿ ತೋರಿಸುವ ನೆಪದಲ್ಲಿ ಸುಮತಿ ಹಿಂದೆಯೇ ಬಂದಳು. ಗದ್ದೆಯ ಬದುವಿನ ಮೇಲೆ ನಿಂತು, “ಅಮ್ಮನಿಗೆ ಹೇಳಬೇಡಿ,” ಎಂದಳು.

“ನೀನು ಆ ಹೊತ್ತಿಗೆ ಒಳಗೆ ಯಾಕೆ ಇದ್ದೆ ಮಾರಾಯ್ತಿ?”

“ಅಕ್ಕನನ್ನು ನೋಡಲಿಕ್ಕೆ.” ಅವಳ ಕಣ್ಣು ತುಂಬಿತು. “ನಾನು ಹುಟ್ಟಿದಲ್ಲಿಂದ ಎಲ್ಲ ಮೊದಲು ಅವಳಿಗೆ. ಹೊಸ ಅಕ್ಕಿ ಅವಳಿಗೆ, ಹಬ್ಬದ ಬಳೆ ಅವಳಿಗೆ. ಅವಳದ್ದು ಒಂದು ಫೋಟೋ ಸಹ ಇಲ್ಲ. ಮದುವೆ ಆಗಿ ಕಾಪುವಿಗೆ ಹೋದರೆ ಮತ್ತೆ ಅವಳು ಈ ಮನೆಗೆ ಬರುವುದಿಲ್ಲವಂತೆ. ಒಂದು ಸಲ ನೋಡಬೇಕು ಅನ್ನಿಸಿತು. ಪಕ್ಕದ ಮನೆಗೆ ಎಂದು ಅಮ್ಮನಿಗೆ ಹೇಳಿ, ಭತ್ತದ ಪೆಟ್ಟಿಗೆಯ ಹಿಂದೆ ಕೂತಿದ್ದೆ.”

“ನೋಡಿದೆಯಾ?”

“ಇಲ್ಲ. ಎಂತದೂ ಕಾಣಲಿಲ್ಲ. ಅಷ್ಟರಲ್ಲಿ ಪಾರ್ಸೆಲ್ ತಂದವರು ಕಿಟಕಿಯಲ್ಲಿ ಬೊಬ್ಬೆ ಹಾಕಲಿಕ್ಕೆ ಶುರು ಮಾಡಿದರು. ಆ ಹೊತ್ತಿಗೆ ಶಬ್ದ ಆಗಬಾರದು. ಸುಮ್ಮನಾಗಲಿ ಎಂದು ಹೋಗಿ, ಹಾಳೆಯಲ್ಲಿದ್ದ ಹೆಸರನ್ನೇ ಬರೆದುಕೊಟ್ಟೆ.”

“ಪಾರ್ಸೆಲ್?”

“ಅದನ್ನು ನಾನು ತೆಗೆದುಕೊಂಡ ನೆನಪಿಲ್ಲ. ಹಾಳೆ ಕೊಟ್ಟು ತಿರುಗಿ ನೋಡುವಾಗ ಅದು ಎಲೆಯ ಎದುರು, ಮಣೆಯ ಮೇಲೆ ಇತ್ತು. ನನಗೆ ಜೀವ ಬಾಯಿಗೆ ಬಂತು. ಅಲ್ಲಿಯೇ ಬಿಟ್ಟರೆ ಒಳಗೆ ಯಾರೋ ಇದ್ದರು ಎಂದು ಗೊತ್ತಾಗುತ್ತದಲ್ಲ? ಪೆಟ್ಟಿಗೆಯ ಭತ್ತದೊಳಗೆ ಹುಗಿದು ಅಡುಗೆಮನೆಯ ಬಾಗಿಲಿನಿಂದ ಓಡಿದೆ. ನಾನು ಒಳಗಿದ್ದದ್ದು ಗೊತ್ತಾದರೆ ಅಕ್ಕನ ಮದುವೆ ನಿಲ್ಲುತ್ತದೆ. ಆಮೇಲೆ ನನ್ನದೂ.”

ಹೆದರಿಕೆಯಲ್ಲಿ ತೆಗೆದುಕೊಂಡದ್ದನ್ನು ಮರೆತಿದ್ದಾಳೆ ಎಂದುಕೊಂಡೆ. ಹೆದರಿದವರು ಎಷ್ಟೋ ಮರೆಯುತ್ತಾರೆ. ನಾನು ದೂರದ ಅಂಗಡಿಯ ಕಡೆ ಕೈ ತೋರಿಸಿದೆ. “ಅಲ್ಲಿ ಕೂತವನನ್ನು ನೋಡು. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ನೀನು ಬಾಯಿ ಬಿಡದಿದ್ದರೆ ನಾಡಿದ್ದು ಅವನನ್ನು ಪೊಲೀಸರಿಗೆ ಕೊಡುತ್ತಾರೆ.” ಅವಳು ಅಳುತ್ತ ನಿಂತಳು. ಕೊನೆಗೆ, ಆ ರಾತ್ರಿಯೇ ಪಾರ್ಸೆಲ್ಲನ್ನು ಒಳಕೋಣೆಯ ಮಣೆಯ ಮೇಲೆ ಇಡುತ್ತೇನೆ, ಬೆಳಿಗ್ಗೆ ಅಮ್ಮನಿಗೇ ಕಾಣಲಿ ಎಂದು ಒಪ್ಪಿಕೊಂಡಳು. ಒಬ್ಬ ದೂರು ಗುಮಾಸ್ತ ಹೇಳಿಕೊಡುವ ಪಾಠ ಅದಲ್ಲ. ಆದರೂ ನಾನು ‘ಹಾಗೇ ಮಾಡು’ ಎಂದೆ.

ಶುಕ್ರವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವಷ್ಟರಲ್ಲಿ ಫೋನ್. ಗಿರಿಜಕ್ಕನದು. “ಸೀರೆ ಬಂದಿದೆ! ಅವಳೇ ತಂದಿಟ್ಟದ್ದು. ಮದುವೆಯ ದಿನ ನಾವೇ ಉಡಿಸಬೇಕಂತೆ ಅವಳಿಗೆ!” ದಯಾನಂದರಿಂದಲೂ ಇಮೇಲ್ ಬಂತು. ‘ಪಾರ್ಸೆಲ್ ಮನೆಯಲ್ಲಿಯೇ ಇತ್ತು, ಗಮನಿಸಿರಲಿಲ್ಲ’ ಎಂದು ಬರೆದು ದೂರು ಮುಚ್ಚಿದೆ. ರಾಯರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದೂರು ಮುಚ್ಚಿದರೆ ಅವರಿಗೆ ಸಾಕಿತ್ತು. ಬಸವರಾಜ ಉಳಿದುಕೊಂಡ. ಅಂದು ನನಗಾದ ಸಂತೋಷ ಇಷ್ಟಿಷ್ಟಲ್ಲ. ವಿಠಲನಿಗೆ ಮಾಡಿದ ಅನ್ಯಾಯ ತೀರಲಿಲ್ಲ, ನಿಜ. ಆದರೆ ಇನ್ನೊಂದು ಸೇರಲಿಲ್ಲ.

ಒಂದು ತಿಂಗಳಾದ ಮೇಲೆ ಕಾರ್ಕಳಕ್ಕೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಸವರಾಜನಿಗೆ ಚಹಾ ಕೊಡಿಸಿದೆ. ಅವನಿಗೆ ಸತ್ಯ ಗೊತ್ತಾಗಬೇಕು ಅನ್ನಿಸಿತು. ಎಲ್ಲವೂ ಅಲ್ಲ, ಅವನಿಗೆ ಸಲ್ಲಬೇಕಾದಷ್ಟು.

“ಸಹಿ ಹಾಕಿದ್ದು ಆ ಮನೆಯ ಕಿರಿ ಮಗಳು. ಹೆದರಿ ಬಾಯಿ ಬಿಟ್ಟಿರಲಿಲ್ಲ. ನೀನು ಹೇಳಿದ್ದೆಲ್ಲ ಸರಿಯೇ ಇತ್ತು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ,” ಎಂದೆ.

“ಹೌದ್ರಿ ಸರ, ಸಣ್ಣಾಕಿ. ಸಹಿ ಆಕಿನ ಮಾಡಿದ್ಲು,” ಎಂದು ಅವನು ಚಹಾ ಊದಿದ. “ಪಾರ್ಸೆಲ್ ಇಸಗೊಂಡಾಕಿ ದೊಡ್ಡಾಕಿ.”

“ಯಾರು?”

“ಆಕಿ ಹಿಂದ ನಿಂತಿದ್ಲಲ್ರಿ. ಅಕ್ಕ ಇರಬೇಕು, ಇಬ್ಬರ್ದೂ ಮಾರಿ ಒಂದ ನಮೂನಿ. ಸಣ್ಣಾಕಿ ಸಹಿ ಮಾಡೂತನಾ ಆಕಿ ಕೈ ಚಾಚಿ ಪಾರ್ಸೆಲ್ ಇಸಗೊಂಡು ಒಳಗ ಹ್ವಾದ್ಲು.”

“ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ನೀನು?”

“ಸಹಿ ಯಾರು ಹಾಕಿದ್ರು ಅಂತ ಕೇಳಿದ್ರಿ. ಇಸಗೊಂಡಾಕಿ ಯಾರು ಅಂತ ಯಾರೂ ಕೇಳಲಿಲ್ಲಲ್ರಿ ಸರ.”

ಹೋಟೆಲಿನಲ್ಲಿ ಜನ ತುಂಬಿದ್ದರು. ಕಂಡಕ್ಟರನೊಬ್ಬ ಹೊರಗೆ ‘ಬೆಳ್ಮಣ್, ಉಡುಪಿ’ ಎಂದು ಕೂಗುತ್ತಿದ್ದ. ನನ್ನ ಲೋಟದ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು, ಕುಡಿಯಲಾಗಲಿಲ್ಲ. ಬಸವರಾಜ ತನ್ನದನ್ನು ಮುಗಿಸಿ, ಬಾಯಿ ಒರೆಸಿಕೊಂಡು, ನೆನಪಿಸಿಕೊಂಡವನಂತೆ ಕೇಳಿದ.

“ಆಕಿದು ಮದಿವಿ ಇತ್ತೇನ್ರಿ? ಪಾರ್ಸೆಲ್ ಎದಿಗೆ ಅವಚಿ ಹಿಡಕೊಂಡಿದ್ಲು. ಮಾರಿ ಮ್ಯಾಲ ಭಾಳ ಖುಷಿ ಇತ್ತು.”

“ಹೌದು ಮಾರಾಯ,” ಎಂದೆ. “ಮದುವೆ ಆಯಿತು. ಕಾಪುವಿಗೆ ಕೊಟ್ಟರು.”